ಯಾರು ಎಂಬ ಕಾಲಮ್ಮು ಇಲ್ಲ

ವರದಿಯ ನಮೂನೆ ನಾನೇ ಮಾಡಿದ್ದು.
ಏನಾಯಿತು, ಎಷ್ಟು ಹೊತ್ತಿಗೆ, ಹೇಗೆ ಗೊತ್ತಾಯಿತು,
ಯಾವುದು ಕೈಹಿಡಿಯಿತು, ಯಾವುದು ಕೈಕೊಟ್ಟಿತು.
ಯಾರು ಎಂಬ ಕಾಲಮ್ಮನ್ನು ಬೇಕೆಂದೇ ಬಿಟ್ಟೆ.
ಬೆರಳು ಮಾಡಿದ ಕಡೆ ಮನುಷ್ಯ ಸಿಗುತ್ತಾನೆ,
ಕಾರಣ ಸಿಗುವುದಿಲ್ಲ
ಎಂದು ತರಬೇತಿಯಲ್ಲಿ ಹೇಳಿಕೊಟ್ಟವಳೂ ನಾನೇ.

ಬರೆಯುತ್ತೇನೆ.
ರಾಯಚೂರು ಗಂಜ್. ಡಿಸೆಂಬರಿನ ಎರಡನೆಯ ಮಂಗಳವಾರ.
ಹತ್ತಿ ಬರುವ ದಿನಗಳು.
ಗೇಟಿನಾಚೆ ಕಣ್ಣು ಹಾಯುವಷ್ಟು ಟ್ರ್ಯಾಕ್ಟರು,
ಕೀಬೋರ್ಡಿನ ಸಂದಿಯಲ್ಲೂ ಅರಳೆಯ ಎಳೆ.

೨:೪೦. ಡಿಸ್ಕು ತುಂಬಿತು.
ತುಂಬಿದ್ದು ಬೇರೇನೂ ಅಲ್ಲ, ಲಾಗು.
ಯಂತ್ರ ತನ್ನ ಬಗ್ಗೆ ತಾನೇ ಬರೆದುಕೊಳ್ಳುವ ದಿನಚರಿ.
ಎಲ್ಲ ಸರಿಯಿದೆ, ಎಲ್ಲ ಸರಿಯಿದೆ ಎಂದು
ಸೆಕೆಂಡಿಗೆ ನಲವತ್ತು ಸಲ ಬರೆದು ಬರೆದು
ಕೊನೆಗೆ, ಸರಿಯಿಲ್ಲ ಎಂದು ಬರೆಯಲು
ಜಾಗ ಉಳಿದಿರಲಿಲ್ಲ.

೨:೪೧. ಅಲಾರಂ ಕೂಗಬೇಕಿತ್ತು.
ಕೂಗಲಿಲ್ಲ.

(ಇಲ್ಲಿ ಎದ್ದು ಹೋಗಿ ನೀರು ಕುಡಿದು ಬಂದೆ.)

೮:೧೦. ತೂಕದ ಮೌಲಾಲಿಯ ಫೋನು:
“ಅಕ್ಕಾ, ಸರ್ವರ್ ಕೂತೈತಿ.”
ಮೋಡ, ಕ್ಲೌಡು ಎಂದು ಇಲ್ಲಿ ಯಾರೂ ಅನ್ನುವುದಿಲ್ಲ.
ಎಲ್ಲೋ ಮುಂಬೈಯ ತಣ್ಣನೆಯ ಕೋಣೆಯಲ್ಲಿ
ತಾಸಿನ ಬಾಡಿಗೆಗೆ ದುಡಿಯುವ ಆ ಯಂತ್ರ
ಗಂಜಿನವರ ಬಾಯಲ್ಲಿ ಒಂದು ಎತ್ತು.
ಏಳುತ್ತದೆ, ಕೂರುತ್ತದೆ, ಮೊಂಡು ಬೀಳುತ್ತದೆ.

೯:೦೦. ಟೆಂಡರು ತೆರೆಯಲಿಲ್ಲ.
ಪರದೆಯ ನಡುವೆ ಚಕ್ರವೊಂದು ತಿರುಗುತ್ತಲೇ ಇತ್ತು.
ಕಸದ ಹತ್ತಿ ಆರಿಸುವ ಹುಲಿಗೆಮ್ಮ ಬಗ್ಗಿ ನೋಡಿ
“ರಾಟಿ ಚಲೋ ತಿರಗತೈತಿ, ನೂಲ ಎಲ್ಲೈತವ್ವಾ?” ಎಂದಳು.

೯:೩೫. ಯಾವುದು ಕೈಹಿಡಿಯಿತು:
ದಲಾಲಿ ಅಂಗಡಿಯ ಸಿದ್ರಾಮಪ್ಪನ ಟವೆಲ್ಲು.
ಹೆಗಲಿಂದ ಜಾರಿಸಿ, ಬಲಗೈ ಮೇಲೆ ಹರವಿಕೊಂಡು
“ಬರ್ರಿ” ಎಂದ.
ಖರೀದಿದಾರರು ಒಬ್ಬೊಬ್ಬರೇ ಬಟ್ಟೆಯೊಳಗೆ ಕೈ ತೂರಿಸಿ
ಬೆರಳು ಹಿಡಿದರು, ಬಿಟ್ಟರು, ಹಿಡಿದರು.
ಕರೆಂಟು ಬೇಡ, ಪಾಸ್‌ವರ್ಡು ಬೇಡ.
ಮೌಲಾಲಿ ಸೀಮೆಸುಣ್ಣದಲ್ಲಿ ಗೋಡೆಗೆ ಬರೆದ: ಅರವತ್ತೆರಡು ಲಾಟು.
ಹಳೆಯ ಗಂಜು ತನ್ನ ಕಾಲ ಮೇಲೆ ತಾನು ನಿಂತಿತು;
ನಾನೂ ಚಪ್ಪಾಳೆ ತಟ್ಟಿದೆ.

೧೦:೨೨. ಲಾಗು ಅಳಿಸಿದೆ. ಎದ್ದಿತು.
ಒಟ್ಟು ಏಳು ತಾಸು ನಲವತ್ತೆರಡು ನಿಮಿಷ.
ವರ್ಷಕ್ಕೆ ಎಂಟೂಮುಕ್ಕಾಲು ತಾಸು ಕೆಡಬಹುದು,
ಒಪ್ಪಂದದಲ್ಲೇ ಅವಕಾಶ ಇದೆ ಎಂದಾಗ
ಸಿದ್ರಾಮಪ್ಪ ನಕ್ಕ: “ಸೂಟು ಅನ್ರಿ!”
ಕ್ವಿಂಟಲಿಗೆ ಎರಡು ಕಿಲೋ ಮುರಿದೇ ಮೀಸೆ ಹಣ್ಣಾದವನಿಗೆ
ಹೆಚ್ಚು ವಿವರಿಸಬೇಕಾಗಲಿಲ್ಲ.
ವರ್ಷದ ಸೂಟನ್ನು ನಾವು ಒಂದೇ ಮುಂಜಾನೆ ತಿಂದಿದ್ದೆವು.

ವರದಿ ಇಲ್ಲಿಗೆ ಮುಗಿಯಬೇಕು.

ಆದರೆ ಮಧ್ಯಾಹ್ನ ಚಹಾದ ಹೊತ್ತಿಗೆ
ಹುಲಿಗೆಮ್ಮ ಸೆರಗಿನ ಎಳೆ ಕೊಡವುತ್ತಾ
ನನಗಲ್ಲ, ಗೋಡೆಗೆ ಹೇಳಿದಳು:
“ನಮ್ಮಪ್ಪನ ಹತ್ತಿ ವರ್ಷಾ ಆ ಟವೆಲ್ಲಿನ್ಯಾಗ ಮಾರಿತು.
ಯಾರು ಎಷ್ಟು ಬೆರಳ ಹಿಡದ್ರು,
ಅವಂಗ ಸಾಯೂತನ ಕಾಣಲಿಲ್ಲ.”

ಚಹಾ ಆರಿತು.

ಬಂದು ನಮೂನೆ ತೆರೆದೆ.
ಎಷ್ಟು ನೀಟಾಗಿ ಹರವಿದ್ದೇನೆ ನಾನೂ.
ಅಲಾರಂ ಕೂಗಲಿಲ್ಲ, ಅಷ್ಟೇ.
ಕೂಗದಂತೆ ಹಿಡಿದ ಬೆರಳು ಬಟ್ಟೆಯೊಳಗಿದೆ.

ಕೆಳಗೊಂದು ಸಾಲು ಸೇರಿಸಿದೆ:
ಮೂರು ವಾರ ಪ್ರತಿ ರಾತ್ರಿ ಅದು ಸುಳ್ಳೇ ಕೂಗುತ್ತಿತ್ತು.
ನಿದ್ದೆ ಇರಲಿಲ್ಲ. ಮಗುವಿಗೆ ಜ್ವರ.
ನವೆಂಬರ್ ಇಪ್ಪತ್ತರಂದು ಅದರ ಬಾಯಿ ಮುಚ್ಚಿಸಿದ್ದು ನಾನು,
ನೀಲಾಂಬಿಕೆ ಗಬ್ಬೂರ.
ತೆರೆಯಲು ಮರೆತೆ.
ಒಬ್ಬಳೇ ಕಾಯುವ ಪಾಳಿ ಇದ್ದರೆ
ಇನ್ನೊಬ್ಬರೂ ಮರೆಯುತ್ತಾರೆ.

ಬೈಗುಳವೇನೂ ಬರಲಿಲ್ಲ.
ಪಾಳಿಗೆ ಇನ್ನೊಬ್ಬರನ್ನು ಕೊಡುವ ಮಾತು ಮಾರ್ಚಿಗೆ ಹೋಯಿತು.

ಈ ರಾತ್ರಿ, ೨:೪೦ಕ್ಕೆ,
ಅಲಾರಂ ಮತ್ತೆ ಸುಳ್ಳೇ ಕೂಗಿತು.
ಎದ್ದೆ.